ಕಟ್ಟಿದ ಕಿವಿ

ಬೆಳಗಿನ ಜಾವ ನಾಲ್ಕೂ ಹತ್ತು.
ಬಸ್‌ಸ್ಟ್ಯಾಂಡಿನ ಮುಂದೆ ಐದು ಆಟೋ, ಐದೂ ನಿದ್ದೆಯಲ್ಲಿ.
ಇಳಿದಳು ಹುಡುಗಿ, ತನಗಿಂತ ದಪ್ಪ ಎರಡು ಪೆಟ್ಟಿಗೆ,
ತಲೆ ತುಂಬ ದಾರ ಹೆಣೆದಂಥ ಸಣ್ಣ ಸಣ್ಣ ಜಡೆ.
ಮೊದಲು ಎಚ್ಚರವಾದವನು ನಾನು, ಅಷ್ಟೇ ನನ್ನ ಪುಣ್ಯ.

ವಿದ್ಯಾನಗರ ಅಂದಳು. ಎಷ್ಟು ಅಂದಳು.
ನಾನು ಬಾಯಿ ತೆರೆಯುವುದರೊಳಗೆ ಕಿವಿ ತೋರಿಸಿದಳು:
ವಿಮಾನ ಇಳಿಯುವಾಗ ಕಟ್ಟಿದ್ದಂತೆ, ಎರಡೂ,
ಬೆಂಗಳೂರಿನಿಂದ ಇಲ್ಲಿತನಕ ಬಿಟ್ಟಿಲ್ಲವಂತೆ.
ಕೇಳದವರಿಗೆ ರೇಟು ಯಾಕೆ ಹೇಳಬೇಕು?
ಕೂತ್ಕೊಳ್ಳಿ ಅಂತ ಕೈಯಾಡಿಸಿದೆ.
ಹದಡಿ ರಸ್ತೆಗೆ ತಿರುಗಬೇಕಾದ ಹ್ಯಾಂಡಲ್ಲು
ಅಶೋಕ ರಸ್ತೆಗೆ ತಿರುಗಿತು.
ತಿರುಗಿಸಿದವನು ನಾನೇ.

ಗೇಟು ಹಾಕಿತ್ತು. ಈ ಊರಲ್ಲಿ ಹುಟ್ಟಿದವರೆಲ್ಲ
ಆಯುಷ್ಯದ ಒಂದು ವರ್ಷ ಈ ಗೇಟಿಗೆ ಕೊಟ್ಟವರು.
ಕಾಯುವಾಗ ಅವಳೇ ಮಾತಾಡಿದಳು, ಜೋರಾಗಿ,
ಅರ್ಧ ಇಂಗ್ಲಿಷು, ಅರ್ಧ ಕೈ.
ಫಾರ್ಮಸಿ ಓದಲಿಕ್ಕಂತೆ. ಮ್ವಾಂಝಾ ಅಂತ ಊರು,
ಆಚೆ ದಡ ಕಾಣದ ಕೆರೆಯ ದಂಡೆ,
ನಮ್ಮ ಸೂಳೆಕೆರೆಯ ನೂರು ಪಟ್ಟೋ ಏನೋ.
ಮೂರು ವಿಮಾನ, ಒಂದು ಬಸ್ಸು.
ಎರಡನೆಯದರಲ್ಲಿ ಹಾಡುಹಗಲೇ ಕಿಟಕಿ ಮುಚ್ಚಿಸಿ
ಮುನ್ನೂರು ಜನಕ್ಕೆ ರಾತ್ರಿ ಮಾಡಿದರಂತೆ.
ಮುಂದಿನ ಸೀಟಿನ ಬೆನ್ನಲ್ಲಿ ನಕಾಶೆ,
ಸಮುದ್ರದ ಮೇಲೆ ಇರುವೆಯಷ್ಟು ವಿಮಾನ;
ಒಂದು ನಿದ್ದೆ ಮಾಡಿ ಎದ್ದರೂ
ಇರುವೆ ಅಲ್ಲೇ.
ಪಕ್ಕದವನ ತಲೆ ಹೆಗಲಿಗೆ ಬಿದ್ದದ್ದನ್ನು
ತಳ್ಳಲು ಸಂಕೋಚವಾಗಿ
ಒಂದಿಡೀ ದೇಶ ದಾಟುವ ತನಕ ಹೊತ್ತಳಂತೆ.
ಚಿತ್ರದುರ್ಗದ ಗುಡ್ಡದ ಮೇಲೆ ಸಾಲು ಕೆಂಪು ದೀಪ
ಮಿಣುಕಿ, ಆರಿ, ಮಿಣುಕಿ,
ಮತ್ತೆ ವಿಮಾನ ಹತ್ತಿಸುತ್ತಾರೆಂದು ಎದೆ ಝಲ್ಲೆಂದಿತಂತೆ.
ಗಾಳಿ ಫ್ಯಾನು ಅವು, ಅಂದೆ. ಕೇಳಿಸಲಿಲ್ಲ.
ತೋಳು ತಿರುಗಿಸಿ ತೋರಿಸಿದೆ. ನಕ್ಕಳು.

ರೈಲು ಬಂತು. ನೆಲ ನಡುಗಿತು, ಹ್ಯಾಂಡಲ್ಲು ನಡುಗಿತು,
ಅವಳಿಗದು ಮೂಕಿ ಸಿನಿಮಾ:
ಹದಿನೆಂಟು ಡಬ್ಬಿಯ ಕಿಟಕಿಬೆಳಕು
ಮುಖದ ಮೇಲೆ ಹರಿದು ಹೋಯಿತು.
ಆಗ ಅನಿಸಿತು, ಇವಳಿನ್ನೂ ಇಳಿದಿಲ್ಲ.
ಕಾಲು ಬಂದಿದೆ, ಪೆಟ್ಟಿಗೆ ಬಂದಿದೆ,
ಕಿವಿ ಮಾತ್ರ ಮೋಡದಲ್ಲೆಲ್ಲೋ ಸುತ್ತುತ್ತಿದೆ
ಇಳಿಯಲು ಜಾಗ ಸಿಗದೆ.

ಗೇಟು ದಾಟಿದರೆ ಮಂಡಕ್ಕಿ ಭಟ್ಟಿ. ಹೊಗೆ.
ಉಪ್ಪುನೀರು ಕುಡಿದ ಅಕ್ಕಿ, ಕಾದ ಮರಳು,
ಮೂಗಿಗೆ ಸೆರಗು ಕಟ್ಟಿದ ಖುತೇಜಾಬಿ.
ವಿಮಾನದ ಹುಡುಗಿ, ಕಿವಿ ಕಟ್ಟಿದೆ, ಅಂದೆ.
'ಏನಾರ ಅಗಿಯಾಕೆ ಕೊಡಬೇಕಪ್ಪ, ಅಷ್ಟೂ ತಿಳಿಯಲ್ವಾ ಕೊಟ್ರೇಶಿ?'
ಬೊಗಸೆ ತುಂಬ ಸುರಿದಳು, ಬಿಸಿಬಿಸಿ,
ಮರಳಿನ ಒಂದೆರಡು ಹರಳು ಸಮೇತ.

ಅಗಿದಳು. ಮೊದಲು ಮರ್ಯಾದೆಗೆ,
ಆಮೇಲೆ ಹಸಿವಿಗೆ.
ನಮ್ಮೂರಲ್ಲಿ ಅವಳು ಕೇಳಿದ ಮೊದಲ ಸದ್ದು
ಅವಳದೇ ಹಲ್ಲಿನ ಕುರುಂ.
ಹಿಂದೆಯೇ ದವಡೆ ಕಳಚುವಂಥ ಆಕಳಿಕೆ,
ಅದರ ತುದಿಯಲ್ಲಿ ಒಂದು ಕಿವಿ ಟಪ್ಪಂತ ಬಿಟ್ಟಿತು.
(ಇನ್ನೊಂದು ಮಾರನೇ ದಿನ ಬಿಟ್ಟಿತಂತೆ.)
ಆ ಒಂದೇ ಕಿವಿಯೊಳಗೆ ದಾವಣಗೆರೆ ನುಗ್ಗಿತು:
ಮರಳಲ್ಲಿ ಸಿಡಿವ ಅಕ್ಕಿ, ಜರಡಿ,
ನಲ್ಲಿ ಮುಂದೆ ಕೊಡಗಳ ಜಗಳ, ಬಾಂಗು,
ಹಾಲಿನ ಟೆಂಪೋ, ಯಾರದೋ ಹಳೇ ಕೆಮ್ಮು,
ಸೈಲೆನ್ಸರ್ ಸತ್ತ ನನ್ನ ಆಟೋ.
ಹೌಹಾರಿ ಖುತೇಜಾಬಿಯ ತೋಳು ಹಿಡಿದಳು.
'ಹೆಸರೇನವ್ವ?' ಎದೆ ಮುಟ್ಟಿ ಕೇಳಿದ್ದು. 'ರೆಹೆಮಾ.'
'ಯಾ ಅಲ್ಲಾ! ನನ್ನ ತಂಗಿ ಮಗಳು ರಹಮತ್!'
ಹೆಂಗಸರಿಗೆ ಬೀಗರಾಗಲು ಎಷ್ಟು ಹೊತ್ತು ಬೇಕು.

ವಿದ್ಯಾನಗರದಲ್ಲಿ ಪೆಟ್ಟಿಗೆ ಇಳಿಸಿದೆ.
ಪರ್ಸು ತೆಗೆದಳು. ನಿದ್ದೆಗಣ್ಣು, ಇಂಗ್ಲಿಷು ಮುಗಿದಿತ್ತು,
ಅವಳೂರಿನ ಮಾತೇ ಬಾಯಿಗೆ ಬಂತು:
'ಹೆಸಾಬು?'

ಹಿಸಾಬು.
ಒಂದು ಸಮುದ್ರ, ಮೂರು ವಿಮಾನ ದಾಟಿ ಬಂದ ಮಾತು
ನೇರ ನನ್ನ ಖಾಕಿ ಜೇಬಿಗೆ ಕೈಹಾಕಿತು.
ಇನ್ನೂರೈವತ್ತು ಅಂತ ನಾಲಿಗೆ ತುದಿಗಿಟ್ಟುಕೊಂಡದ್ದು
ಗೇಟು ಬಿದ್ದಂತೆ ನಿಂತಿತು.
ಎಂಬತ್ತು, ಅಂದೆ. ಅರವತ್ತಾಗಬೇಕಿತ್ತು;
ಇಪ್ಪತ್ತು ರಾತ್ರಿಯದ್ದು, ಅದನ್ನು ಬಿಡಲಿಲ್ಲ.

ಮನೆಗೆ ಹೋಗುವಾಗ ಮತ್ತೆ ಗೇಟು.
ಇಂಜಿನ್ನು ಆರಿಸಿ, ಅತ್ತಿತ್ತ ನೋಡಿ,
ದವಡೆ ಅಗಲಿಸಿ ದೊಡ್ಡದೊಂದು ಆಕಳಿಕೆ ತೆಗೆದೆ.
ನಲವತ್ತಾರು ವರ್ಷದಿಂದ ಇದೇ ಊರು,
ಏನಾದರೂ ಬಿಟ್ಟೀತೇನೋ ಅಂತ.